ಎರಡೇ ಗುಳ್ಳೆಗೆ ಇಷ್ಟು ದಿನ ಡ್ರಿಪ್ ಯಾಕೆ?

ಪ್ರಶ್ನೆ: ಮಗು ಹುಟ್ಟಿ ಹತ್ತು ದಿನ ಆಯ್ತು. ತಲೆ ಮೇಲೆ ಎರಡು ನೀರುಗುಳ್ಳೆ ಎದ್ದಿವೆ. ಹರ್ಪಿಸ್ ಅಂತ ಹೇಳಿ ಅಡ್ಮಿಟ್ ಮಾಡಿಕೊಂಡಿದ್ದಾರೆ, ಕನಿಷ್ಠ ಎರಡು ವಾರ ಡ್ರಿಪ್ ಅಂತೆ. ಜ್ವರ ಇಲ್ಲ, ಹಾಲೂ ಚೆನ್ನಾಗಿ ಕುಡಿಯುತ್ತಿದೆ. ಸಿರಪ್ ಕೊಟ್ಟು ಮನೆಗೆ ಕಳಿಸಬಾರದಾ?

ಉತ್ತರ: ಬೇಡ, ಈಗ ಸಿರಪ್ ಸಾಲುವುದಿಲ್ಲ. ದೊಡ್ಡವರ ತುಟಿ ಮೇಲೆ ಏಳುವ ಹರ್ಪಿಸ್ ಗುಳ್ಳೆ ಸುಮ್ನೆ ಬಿಟ್ಟರೂ ಒಣಗಿ ಹೋಗುತ್ತದೆ. ಹಸುಗೂಸಿನ ಕತೆ ಬೇರೆ. ಚರ್ಮದಲ್ಲಿ ಕಾಣಿಸಿಕೊಂಡ ವೈರಸ್ ಔಷಧ ಸಿಗದಿದ್ದರೆ ಬಹಳಷ್ಟು ಮಕ್ಕಳಲ್ಲಿ ಮಿದುಳಿಗೋ ಲಿವರ್‌ಗೋ ಇಳಿಯುತ್ತದೆ. ಫಿಟ್ಸ್ ಬರುವವರೆಗೆ ಕಾದರೆ ಆಗಲೇ ತಡವಾಗಿರುತ್ತದೆ. ಮಗು ಚೆನ್ನಾಗಿದೆ ಅಂತೀರಲ್ಲ, ಔಷಧ ಶುರು ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಕೊಡುವ ಔಷಧ ಅಸೈಕ್ಲೋವಿರ್. ಇದನ್ನು ಚುರುಕುಗೊಳಿಸುವುದು ವೈರಸ್‌ನದೇ ಒಂದು ಕಿಣ್ವ. ಹಾಗಾಗಿ ಸೋಂಕು ತಗುಲಿದ ಜೀವಕೋಶಗಳಲ್ಲೇ ಇದರ ಕೆಲಸ ಜಾಸ್ತಿ, ಉಳಿದವಕ್ಕೆ ತೊಂದರೆ ಕಡಿಮೆ. ಆದರೆ ಬಾಯಿಂದ ಕೊಟ್ಟರೆ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಮಿದುಳಿನವರೆಗೆ ಸಾಕಷ್ಟು ಮುಟ್ಟಬೇಕಾದರೆ ರಕ್ತನಾಳಕ್ಕೇ ಹಾಕಬೇಕು. ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ, 8 ಗಂಟೆಗೊಮ್ಮೆ. ಒಂದೊಂದು ಡೋಸನ್ನೂ ಸುಮಾರು ಒಂದು ಗಂಟೆ ನಿಧಾನಕ್ಕೆ ಹರಿಸುತ್ತಾರೆ. ಬೇಗ ಹರಿಸಿದರೆ, ಮಗುವಿನ ಮೈಯಲ್ಲಿ ನೀರು ಕಮ್ಮಿ ಇದ್ದರೆ, ಔಷಧ ಕಿಡ್ನಿಯಲ್ಲಿ ಹರಳುಗಟ್ಟಬಹುದು. ನರ್ಸ್ ಒದ್ದೆ ಡೈಪರ್ ತೂಗಿ ಬರೆದುಕೊಳ್ಳುವುದು ಅದಕ್ಕೇ.

ಚರ್ಮ, ಕಣ್ಣು, ಬಾಯಿಗಷ್ಟೇ ಸೋಂಕಿದ್ದರೆ 14 ದಿನ. ಮಿದುಳಿಗೆ ಅಥವಾ ಮೈಯೆಲ್ಲಾ ಹರಡಿದ್ದರೆ ಕನಿಷ್ಠ 21 ದಿನ. ಯಾವುದು ಅಂತ ಗುಳ್ಳೆ ನೋಡಿ ಹೇಳಲು ಬರುವುದಿಲ್ಲ, ಅದಕ್ಕೇ ಬೆನ್ನಿನಿಂದ ನೀರು ತೆಗೆದು, ಅದರಲ್ಲಿ ವೈರಸ್ ಇದೆಯಾ ಅಂತ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಹೆತ್ತವರು ಹೆಚ್ಚು ಹೆದರುವುದು ಈ ಪರೀಕ್ಷೆಗೇ. ಹೆದರಿಕೆ ಸಹಜ, ಆದರೆ ಬೇಡ ಅನ್ನಬೇಡಿ. ಮಿದುಳಿಗೆ ಸೋಂಕಾಗಿದ್ದರೆ ಕೋರ್ಸ್ ಮುಗಿಯುವ ಹೊತ್ತಿಗೆ ಮತ್ತೆ ತೆಗೆಯುತ್ತಾರೆ. ಆಗಲೂ ವೈರಸ್ ಸಿಕ್ಕರೆ ಡ್ರಿಪ್ ಮುಂದುವರಿಯುತ್ತದೆ.

ನೀವು ಕೇಳಿದ ಸಿರಪ್‌ನ ಸರದಿ ಆಮೇಲೆ ಬರುತ್ತದೆ, ದಿನಕ್ಕೆ ಮೂರು ಸಲ, 6 ತಿಂಗಳು. ಅಸೈಕ್ಲೋವಿರ್ ವೈರಸ್ ಹೆಚ್ಚಾಗದಂತೆ ತಡೆಯುತ್ತದೆ ಅಷ್ಟೆ. ನರಗಳಲ್ಲಿ ಅಡಗಿ ಕೂತದ್ದನ್ನು ಹೊರಗೆ ಹಾಕಲು ಅದಕ್ಕೆ ಆಗುವುದಿಲ್ಲ. ಸಿರಪ್ ಕುಡಿಸಿದರೆ ಗುಳ್ಳೆ ಮರಳಿ ಏಳುವುದು ಕಡಿಮೆ. ಮಿದುಳಿಗೆ ಸೋಂಕಾಗಿದ್ದ ಮಕ್ಕಳ ಬೆಳವಣಿಗೆಯೂ ಉತ್ತಮವಾಗಿರುತ್ತದೆ. ಬಿಳಿ ರಕ್ತಕಣ ಕಡಿಮೆಯಾಗಬಹುದು, ಹಾಗಾಗಿ ಆಗಾಗ ರಕ್ತ ಪರೀಕ್ಷೆ ಇರುತ್ತದೆ. ಮಗು ಬೆಳೆದಂತೆ ಡೋಸನ್ನೂ ಏರಿಸಬೇಕು, ಹಳೇ ಅಳತೆಯಲ್ಲೇ ಕುಡಿಸುತ್ತಾ ಹೋಗಬೇಡಿ. ಹೊಸ ಗುಳ್ಳೆ, ಜ್ವರ, ಮಂಕು ಅಥವಾ ಹಾಲು ಬೇಡ ಅನ್ನುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ತೋರಿಸಿ.