‘ಅರೆಸ್ಟ್ ಮಾಡಿಲ್ಲ, ವಿಚಾರಣೆಗೆ ಅಷ್ಟೇ’

ಕ್ರಿಮಿನಲ್ ಕೇಸು ನಡೆಸುವ ಯಾವ ವಕೀಲರನ್ನು ಬೇಕಾದರೂ ಕೇಳಿ ನೋಡಿ. ಪೊಲೀಸರು ಹುಡುಗನನ್ನು ಕರೆದೊಯ್ದರೆ ಮನೆಯವರು ನಮ್ಮ ಹತ್ತಿರ ಬರುವುದು ಮೂರನೇ ದಿನ. ಮೊದಲ ದಿನ ಸ್ಟೇಷನ್ ಮುಂದೆ ಕಾಯುತ್ತಾರೆ. ಎರಡನೇ ದಿನ ಯಾರೋ ಲೀಡರ್ ಕೈಯಲ್ಲಿ ಫೋನ್ ಮಾಡಿಸುತ್ತಾರೆ. ಹುಡುಗನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ ಅಂತ ಗೊತ್ತಾದ ಮೇಲೆ ವಕೀಲರ ನೆನಪಾಗುತ್ತದೆ. ಯಾಕಮ್ಮಾ ಇಷ್ಟು ತಡ ಮಾಡಿದಿರಿ ಎಂದರೆ ಎಲ್ಲರದೂ ಒಂದೇ ಉತ್ತರ: ‘ಅರೆಸ್ಟ್ ಮಾಡಿಲ್ಲ ಮೇಡಂ, ಸುಮ್ನೆ ವಿಚಾರಣೆಗೆ ಅಂದ್ರು.’

ಈ ಮಾತನ್ನು ಜನ ಇಷ್ಟು ಸುಲಭವಾಗಿ ನಂಬುವುದನ್ನು ಕಂಡರೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಮಾನವ ಹಕ್ಕು ಎಂದರೆ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದ ಭಾಷಣ ಎಂದುಕೊಂಡಿದ್ದೇವೆ. ಲಾಠಿ ಏಟು ಬೀಳುವುದು, ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಹೆಚ್ಚಾಗಿ ಯಾವ ದಾಖಲೆಯಲ್ಲೂ ಇಲ್ಲದ ಆ ಎರಡು ರಾತ್ರಿಗಳಲ್ಲಿ. ಕಾಗದದ ಪ್ರಕಾರ ಆಗ ನಿಮ್ಮ ಮಗ ಸ್ಟೇಷನ್ನಿನಲ್ಲೇ ಇಲ್ಲ.

ಕಾನೂನಿನಲ್ಲಿ ಇರುವುದು ಎರಡೇ ದಾರಿ. ಒಂದು, ನೋಟಿಸ್. ಆರೋಪಿ ಎಂಬ ಅನುಮಾನವಿದ್ದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ನೇ ಕಲಮಿನ ಕೆಳಗೆ, ಸಾಕ್ಷಿಯಾಗಿ ಬೇಕಿದ್ದರೆ 179ರ ಕೆಳಗೆ. ಹೋಗಬೇಕು, ತನ್ನ ಮೇಲೇ ಅಪರಾಧ ಹೊರಿಸಿಕೊಳ್ಳುವಂಥ ಪ್ರಶ್ನೆ ಬಿಟ್ಟು ಉಳಿದದ್ದಕ್ಕೆ ಉತ್ತರ ಕೊಡಬೇಕು, ಮನೆಗೆ ಬರಬೇಕು. ಇನ್ನೊಂದು ದಾರಿ ದಸ್ತಗಿರಿ. ಆಗ ಸಂವಿಧಾನದ 22ನೇ ವಿಧಿ ಪೂರ್ತಿಯಾಗಿ ಜೊತೆಗೆ ಬರುತ್ತದೆ: ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯ ಮಾತ್ರ ಆ ಲೆಕ್ಕಕ್ಕೆ ಸೇರುವುದಿಲ್ಲ. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದ ನಿಯಮಗಳೇ ಬೇರೆ, ಅದನ್ನು ಇಲ್ಲಿ ಬಿಡುತ್ತೇನೆ. ‘ನೋಟಿಸೂ ಇಲ್ಲ, ದಸ್ತಗಿರಿಯೂ ಇಲ್ಲ, ಆದರೆ ರಾತ್ರಿಯೆಲ್ಲ ಇಲ್ಲೇ ಇರಲಿ’ ಎಂಬ ಮೂರನೇ ದಾರಿ ಯಾವ ಕಲಮಿನಲ್ಲೂ ಇಲ್ಲ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ, ಓದಿದವರೂ ಇಲ್ಲೇ ಎಡವುತ್ತಾರೆ. ಆ 24 ಗಂಟೆ ಯಾವಾಗಿನಿಂದ ಶುರು? ಕೋಳ ಹಾಕಿದಾಗಿನಿಂದ ಅಲ್ಲ. ಲಾಕಪ್ ಬಾಗಿಲು ಹಾಕಿದಾಗಿನಿಂದ ಅಲ್ಲ. ಎಫ್‌ಐಆರ್ ಆದಾಗಿನಿಂದಲೂ ಅಲ್ಲ. ‘ನಾನು ಹೊರಡ್ತೀನಿ’ ಎಂದು ಎದ್ದು ಹೋಗುವುದಕ್ಕೆ ಬಿಡದ ಗಳಿಗೆಯಿಂದ. ಸ್ಟೇಷನ್ ರೈಟರ್ ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟಿದ್ದರೂ ಅಷ್ಟೇ. ಸೋಮವಾರ ಸಂಜೆ 7ಕ್ಕೆ ಕರೆದುಕೊಂಡು ಹೋದರು ಎನ್ನಿ. ಬುಧವಾರ ಸಂಜೆ 6ಕ್ಕೆ ಅರೆಸ್ಟ್ ಮೆಮೊ (ದಸ್ತಗಿರಿಯ ದಾಖಲೆ ಪತ್ರ) ಬರೆದರು. ಗುರುವಾರ ಬೆಳಿಗ್ಗೆ 11ಕ್ಕೆ ಕೋರ್ಟಿಗೆ ತಂದರು. ಕಾಗದದಲ್ಲಿ 17 ಗಂಟೆ, ಎಲ್ಲ ಸರಿಯಾಗಿದೆ. ನಿಜವಾಗಿ 64 ಗಂಟೆ. ಕಸ್ಟಮ್ಸ್ ಅಧಿಕಾರಿಗಳ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1990ರಲ್ಲೇ ಇದನ್ನು ಹೇಳಿದೆ: ಓಡಾಡುವ ಸ್ವಾತಂತ್ರ್ಯ ತಡೆದ ಕ್ಷಣವೇ ಬಂಧನ, ಅಧಿಕಾರಿ ಬರೆದುಕೊಂಡ ಸಮಯವಲ್ಲ. ಪ್ರತಿ ಕೇಸಿನ ಸಂಗತಿ ನೋಡಿಯೇ ಕೋರ್ಟ್ ತೀರ್ಮಾನಿಸುತ್ತದೆ ಅನ್ನುವುದನ್ನೂ ಹೇಳಬೇಕು. ಸಮಯಕ್ಕೆ ಆಧಾರ ಇಲ್ಲದೆ ಬರೀ ಬಾಯಿಮಾತು ನಡೆಯುವುದು ಕಷ್ಟ.

ಓದು ಬರಹ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. 1994ರ ಜನವರಿ 7ರಂದು ಗಾಜಿಯಾಬಾದ್‌ನಲ್ಲಿ ಜೋಗಿಂದರ್ ಕುಮಾರ್ ಎಂಬ 28 ವರ್ಷದ ವಕೀಲರನ್ನು ಪೊಲೀಸ್ ಕಚೇರಿಗೆ ವಿಚಾರಣೆಗೆಂದು ಕರೆದರು. ಅಣ್ಣತಮ್ಮಂದಿರ ಜೊತೆಗೇ ಹೋದರು. ಸಂಜೆ ಬಿಡುತ್ತೇವೆ ಎಂದವರು ಬಿಡಲಿಲ್ಲ. ಆಮೇಲೆ ಎಲ್ಲಿಗೆ ಕರೆದೊಯ್ದರು ಎಂಬುದೇ ಮನೆಯವರಿಗೆ ತಿಳಿಯಲಿಲ್ಲ. ಸುಪ್ರೀಂ ಕೋರ್ಟ್ ಕೇಳಿದಾಗ ಬಂದ ಉತ್ತರ: ಅವರನ್ನು ಬಂಧಿಸಿಯೇ ಇಲ್ಲ, ತಾವಾಗಿಯೇ ಸಹಕರಿಸುತ್ತಿದ್ದರು. ಕಾನೂನು ಓದಿದ ಮನುಷ್ಯನ ವಿಷಯದಲ್ಲೇ ಹೀಗೆ ಹೇಳಿದರು. ಅದೇ ವರ್ಷದ ತೀರ್ಪಿನಲ್ಲಿ, ಬಂಧಿಸುವ ಅಧಿಕಾರವಿದೆ ಎಂದ ಮಾತ್ರಕ್ಕೆ ಬಂಧಿಸುವಂತಿಲ್ಲ, ಸಕಾರಣ ಇರಬೇಕು, ಬಂಧಿತ ಬಯಸಿದವರಿಗೆ ಸುದ್ದಿ ಮುಟ್ಟಿಸಬೇಕು ಎಂದು ಕೋರ್ಟ್ ಹೇಳಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಬಂತು. ಅರೆಸ್ಟ್ ಮೆಮೊದಲ್ಲಿ ದಿನ, ಸಮಯ ಬರೆದು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು ಎಂಬ ನಿಯಮ ಅಲ್ಲಿಂದ ಬಂದದ್ದು. ಆ ಕೇಸು ಶುರುವಾಗಿದ್ದು ಲಾಕಪ್ ಸಾವುಗಳ ಪತ್ರಿಕಾ ವರದಿ ಓದಿ 1986ರಲ್ಲಿ ಇದೇ ಬಸು ಅವರು ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದ. ಆ ಸಾಕ್ಷಿ ಸಹಿ ಹಾಕುವವರು ನೀವೇ ಆದರೆ, ಮೆಮೊದಲ್ಲಿ ಯಾವ ಸಮಯ ಇದೆ ನೋಡಿ ಹಾಕಿ. ಓದದೆ ಸಹಿ ಹಾಕಿ ಬಂದು ಆಮೇಲೆ ಅಳುವ ಅಪ್ಪಂದಿರನ್ನು ತುಂಬಾ ಕಂಡಿದ್ದೇನೆ.

ಒಮ್ಮೆ ಒಬ್ಬ ತಾಯಿ ಬಂದರು (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ). ಮಗನ ಮೇಲೆ ಮೊಬೈಲ್ ಕಳವಿನ ಕೇಸು. ಗುರುವಾರ ಸಂಜೆ ಬಸ್ ಸ್ಟ್ಯಾಂಡ್ ಬಳಿ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾಗ ಹಿಡಿದೆವು ಎಂದು ಮೆಮೊದಲ್ಲಿತ್ತು. ತಾಯಿ ಪ್ರಕಾರ ಮಂಗಳವಾರ ರಾತ್ರಿ ಮನೆಯಿಂದಲೇ ಎತ್ತಿಕೊಂಡು ಹೋಗಿದ್ದರು. ಏನಾದರೂ ಆಧಾರ ಇದೆಯಾ ಎಂದು ಕೇಳಿದೆ. ‘ಎಲ್ಲಿಂದ ತರ್ಲಿ ಮೇಡಂ? ಬುಧವಾರ ಬೆಳಿಗ್ಗೆ ಅವನಿಗೆ ತಿಂಡಿ ಕೊಟ್ಟು ಬಂದೆ, ಅಷ್ಟೇ.’ ತಿಂಡಿ ಎಲ್ಲಿಂದ? ಸ್ಟೇಷನ್ ಎದುರಿನ ಹೋಟೆಲಿನಿಂದ. ದುಡ್ಡು ಕೊಟ್ಟವರು ಯಾರು? ತಂಗಿ ಮಗ, ಯುಪಿಐನಲ್ಲಿ. ನಾಲ್ಕು ಇಡ್ಲಿಯ ದುಡ್ಡು, ಪಕ್ಕದಲ್ಲೇ ದಿನ, ಗಂಟೆ, ನಿಮಿಷ. ಅಷ್ಟರಿಂದಲೇ ಹುಡುಗ ಒಳಗಿದ್ದ ಎಂದು ಸಾಬೀತಾಗುವುದಿಲ್ಲ, ನಿಜ. ಆದರೆ ಅದನ್ನು ಲಗತ್ತಿಸಿ, ಸ್ಟೇಷನ್ನಿನ ಸಿಸಿಟಿವಿ ದೃಶ್ಯ ಅಳಿಸದಂತೆ ಆದೇಶ ಕೊಡಿ ಎಂದು ಅರ್ಜಿ ಹಾಕಿದೆವು. ಮ್ಯಾಜಿಸ್ಟ್ರೇಟ್ ತನಿಖಾಧಿಕಾರಿಯಿಂದ ವಿವರಣೆ ಕೇಳಿದರು. ಜಾಮೀನು ವಾದದಲ್ಲಿ ಆ ಇಡ್ಲಿ ಬಿಲ್ಲು ನಮಗೆ ತುಂಬಾ ಉಪಯೋಗಕ್ಕೆ ಬಂತು. ಎಲ್ಲ ಸ್ಟೇಷನ್‌ಗಳಲ್ಲೂ ಕ್ಯಾಮೆರಾ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ತಡವಾಗಿ ಕೇಳಿದರೆ ದೃಶ್ಯ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಆದ್ದರಿಂದ ಮೊದಲ ಸಂಜೆಯೇ ಬರೆದು ಕಳಿಸಿ. ಹಿಂದೆ ನಮ್ಮ ಸೀನಿಯರ್‌ಗಳು ಎಸ್‌ಪಿಗೆ, ಮ್ಯಾಜಿಸ್ಟ್ರೇಟ್‌ಗೆ ಟೆಲಿಗ್ರಾಂ ಹೊಡೆಯುತ್ತಿದ್ದರು. ಅದರ ಮೇಲೆ ಸರ್ಕಾರವೇ ಸಮಯ ಒತ್ತುತ್ತಿತ್ತು. 2013ರಲ್ಲಿ ಟೆಲಿಗ್ರಾಂ ನಿಂತಿತು, ಈಗ ಇಮೇಲ್ ಇದೆ. ಮೂರು ಸಾಲು ಸಾಕು: ಯಾರನ್ನು, ಎಷ್ಟು ಹೊತ್ತಿಗೆ, ಎಲ್ಲಿಂದ ಕರೆದೊಯ್ದರು. ಸ್ಟೇಷನ್ನಿನಲ್ಲಿ ಜಗಳ ಬೇಡ. ಅಲ್ಲಿ ಒಳ್ಳೆಯವರೂ ಇದ್ದಾರೆ, ಬಂದೋಬಸ್ತಿನಲ್ಲಿ ನಿದ್ದೆಗೆಟ್ಟವರೂ ಇದ್ದಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಲು ಆದಾಯ ನೋಡುವುದಿಲ್ಲ. ಮಗ ಸಿಗುವ ತನಕ ಅಪ್ಪನನ್ನೋ ಹೆಂಡತಿಯನ್ನೋ ಸ್ಟೇಷನ್ನಿನಲ್ಲಿ ಕೂರಿಸಿದ್ದರೆ ಅದಂತೂ ಶುದ್ಧ ಅಕ್ರಮ. ಸಾಕ್ಷಿ ವಿಚಾರಣೆಗೆಂದು ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ಸ್ಟೇಷನ್ನಿಗೆ ಬರಲೇಬೇಕು ಎನ್ನುವಂತಿಲ್ಲ, ಮನೆಯಲ್ಲೇ ಕೇಳಬೇಕು. ಆಳು ಎಲ್ಲಿದ್ದಾನೆ ಎಂದೇ ಹೇಳದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಆಳನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ) ಇದೆ.

ಕೊನೆಗೆ ಕೋರ್ಟಿಗೆ ತಂದಾಗ ಮ್ಯಾಜಿಸ್ಟ್ರೇಟ್ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ‘ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?’ ಹಿಂದೆ ಪೊಲೀಸರು ನಿಂತಿರುತ್ತಾರೆ, ಹುಡುಗ ಹೆದರಿ ‘ಇಲ್ಲ ಸ್ವಾಮಿ’ ಅನ್ನುತ್ತಾನೆ. ಹೊಡೆದಿದ್ದರೆ ಅದನ್ನು ಹೇಳಲೇಬೇಕು, ಆಗ ವೈದ್ಯಕೀಯ ತಪಾಸಣೆ ಕೇಳಬಹುದು. ಅಷ್ಟು ಧೈರ್ಯ ಬರದಿದ್ದರೂ ಇದೊಂದನ್ನು ಹೇಳಿಬಿಡಲಿ: ‘ಸ್ವಾಮಿ, ನನ್ನನ್ನು ಕರ್ಕೊಂಡು ಬಂದಿದ್ದು ಮಂಗಳವಾರ ರಾತ್ರಿ.’ ಅದನ್ನು ಬರೆದುಕೊಳ್ಳಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳುವ ಕೆಲಸ ನಮ್ಮದು.