ಗಾಲಿಬಿಯೆ ಘಾಟಿಯ ಕೊನೆಯ ಬಸ್ಸು

2024ರ ಜುಲೈ 2, ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ನಾಲ್ಕನೇ ಹಂತ, ಅಂದರೆ ನಾಲ್ಕನೇ ದಿನದ ಓಟ. 2,642 ಮೀಟರ್ ಎತ್ತರದ ಗಾಲಿಬಿಯೆ ಘಾಟಿಯ ನೆತ್ತಿ ಇನ್ನೇನು ಬಂತು ಅನ್ನುವಾಗ ತಾದೇಯ್ ಪೊಗಾಚಾರ್ ಮುನ್ನುಗ್ಗಿದರು, ಅವರ ಮುಖ್ಯ ಎದುರಾಳಿ ಯೊನಾಸ್ ವಿಂಗೆಗೋರ್ ಹಿಂದುಳಿದರು. ಟಿವಿ ಕ್ಯಾಮೆರಾಗಳಿಗೆ ಅಷ್ಟೇ ಬೇಕಿತ್ತು. ನಾನು ಮಾತ್ರ ಫಲಿತಾಂಶ ಪಟ್ಟಿಯ ಬುಡಕ್ಕಾಗಿ ಕಾಯುತ್ತಿದ್ದೆ. 39 ವರ್ಷದ ಬ್ರಿಟಿಷ್ ಸ್ಪ್ರಿಂಟರ್ (ಕೊನೆಯ ಕೆಲವೇ ನೂರು ಮೀಟರ್‌ನಲ್ಲಿ ಸಿಡಿದು ಗೆಲ್ಲುವ ಸವಾರ) ಮಾರ್ಕ್ ಕ್ಯಾವೆಂಡಿಶ್ ಗಡುವಿನೊಳಗೆ ಗುರಿ ಮುಟ್ಟಿದರೇ? ಮುಟ್ಟಿದ್ದರು. ಮರುದಿನ ಸೇಂಟ್-ವುಲ್ಬಾದ ಸಪಾಟು ರಸ್ತೆಯಲ್ಲಿ ಅವರು ತಮ್ಮ 35ನೇ ಹಂತ ಗೆದ್ದು ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ಮುರಿದರು. ಎಲ್ಲರೂ ಆ ಕೊನೆಯ 200 ಮೀಟರ್ ಬಗ್ಗೆ ಬರೆದರು. ಸೈಕ್ಲಿಂಗ್ ಕಲಿಸುವವನ ಕಣ್ಣಿಗೆ ಆ ಗೆಲುವಿನ ಅರ್ಧ ಹಿಂದಿನ ದಿನದ ಘಾಟಿಯಲ್ಲೇ ಆಗಿಹೋಗಿತ್ತು.

ಸಪಾಟಿನಲ್ಲಿ ಸವಾರನ ಮುಖ್ಯ ಶತ್ರು ಗಾಳಿ. ಮುಂದಿನವನ ಚಕ್ರಕ್ಕೆ ಅಂಟಿಕೊಂಡರೆ ಶ್ರಮ ಬಹಳ ಉಳಿಯುತ್ತದೆ. ಸ್ಪ್ರಿಂಟರ್‌ನ ಮುಂದೆ ಸಹಸವಾರರು ರೈಲಿನ ಬೋಗಿಗಳಂತೆ ಸಾಲುಗಟ್ಟಿ, ಒಬ್ಬೊಬ್ಬರೇ ಸುಸ್ತಾಗಿ ಸರಿದುಹೋಗಿ, ಅವನನ್ನು ಕೊನೆಗೆ ಬಿಟ್ಟುಕೊಡುವುದು ಇದಕ್ಕೇ. ಕ್ಯಾವೆಂಡಿಶ್‌ಗೆ ಮೊದಲು ಮಾರ್ಕ್ ರೆನ್‌ಶಾ, ಆಮೇಲೆ ಮೈಕಲ್ ಮೋರ್ಕೊವ್ ಆ ಕೊನೆಯ ಬೋಗಿಯಾಗಿದ್ದರು. ಏರಿನಲ್ಲಿ ವೇಗ ಇಳಿಯುತ್ತದೆ, ಚಕ್ರದ ಮರೆಯ ಲಾಭ ಕರಗುತ್ತದೆ, ತೂಕವೇ ಲೆಕ್ಕಕ್ಕೆ ಬರುತ್ತದೆ. ಒಂದು ಕಿಲೋ ತೂಕಕ್ಕೆ 6 ವ್ಯಾಟ್‌ನಂತೆ ತುಳಿಯಬೇಕೆಂದರೆ 60 ಕಿಲೋದವನಿಗೆ 360 ವ್ಯಾಟ್ ಸಾಕು, 80 ಕಿಲೋದವನಿಗೆ 480 ಬೇಕು. ಹತ್ತು ಸೆಕೆಂಡು 1,500 ವ್ಯಾಟ್ ಉಗುಳುವ ತೊಡೆಗಳಿಗೂ 480ನ್ನು ಅರ್ಧ ಗಂಟೆ ಹಿಡಿದಿಡುವುದು ಆಗದ ಮಾತು.

ಹಾಗಾಗಿ ಬೆಟ್ಟದ ದಿನ ಸ್ಪ್ರಿಂಟರ್‌ನ ಎದುರಾಳಿ ಗಡಿಯಾರ. ಪ್ರತಿ ಹಂತಕ್ಕೂ ಒಂದು ಗಡುವಿದೆ, ಅದು ಗೆದ್ದವನ ಸಮಯದ ಮೇಲೆ ಇಂತಿಷ್ಟು ಶೇಕಡಾ. ತಪ್ಪಿದವನು ಮನೆಗೆ. ಗೆದ್ದವನು 270 ನಿಮಿಷ ತೆಗೆದುಕೊಂಡು, ಗಡುವು ಶೇ 12 ಎಂದಿಟ್ಟುಕೊಳ್ಳಿ. ಹಿಂದಿನವರಿಗೆ 302 ನಿಮಿಷ 24 ಸೆಕೆಂಡು ಸಿಗುತ್ತದೆ. ಮುಂದೆ ಯಾವನೋ ಕ್ಲೈಂಬರ್ (ಬೆಟ್ಟ ಹತ್ತುವುದರಲ್ಲಿ ಪಳಗಿದವನು) ಬೇಗನೇ ದಾಳಿಗಿಳಿದು 260 ನಿಮಿಷದಲ್ಲೇ ಮುಗಿಸಿದ ಅನ್ನಿ. ವೇಗ ಹೆಚ್ಚಿತೆಂದು ಶೇಕಡಾವನ್ನು 13ಕ್ಕೆ ಏರಿಸಿದರೂ ಸಿಗುವುದು 293 ನಿಮಿಷ 48 ಸೆಕೆಂಡು. ಎಂಟೂವರೆ ನಿಮಿಷ ಖೋತಾ! ಕ್ಲೈಂಬರ್‌ಗಳ ಜಿದ್ದಿಗೆ ದಂಡ ಕಟ್ಟುವವನು ಅರ್ಧ ಗಂಟೆ ಹಿಂದಿರುವ ಸ್ಪ್ರಿಂಟರ್.

2011ರಲ್ಲಿ ಆದದ್ದು ಅದೇ, ಅದೂ ಇದೇ ಗಾಲಿಬಿಯೆಯಲ್ಲಿ. ಆಂಡಿ ಶ್ಲೆಕ್ ಕೊನೆಯ ಏರಿಗೆ ಕಾಯದೆ, ಗುರಿ ಇನ್ನೂ 60 ಕಿಲೋಮೀಟರ್ ಇರುವಾಗಲೇ ಇಜೋರ್ ಘಾಟಿಯಲ್ಲಿ ಹೊರಟುಬಿಟ್ಟರು. ಅವರು ಗೆದ್ದರು, ಹಿಂದೆ ಕ್ಯಾವೆಂಡಿಶ್ ಸೇರಿದಂತೆ 88 ಸವಾರರು ಗಡುವು ತಪ್ಪಿಸಿಕೊಂಡರು. ಅಷ್ಟು ಜನರನ್ನು ಮನೆಗೆ ಕಳಿಸಿದರೆ ಪ್ಯಾರಿಸ್‌ಗೆ ಹೋಗುವವರು ಯಾರು? ತೀರ್ಪುಗಾರರು ಎಲ್ಲರನ್ನೂ ಉಳಿಸಿಕೊಂಡು, ಅಂಕಪಟ್ಟಿಯಲ್ಲಿ 20 ಅಂಕ ಕಳೆದರು. ಮರುದಿನ ಆಲ್ಪ್ ದ್ಯುಯೆಜ್‌ನಲ್ಲೂ ಅದೇ ಕಥೆ, ಮತ್ತೆ 20 ಅಂಕ ಕಡಿತ. ಆದರೂ ಅಂಕಪಟ್ಟಿಯ ಮೊದಲಿಗನಿಗೆ ಸಿಗುವ ಹಸಿರು ಜೆರ್ಸಿ ಕೊನೆಗೆ ಕ್ಯಾವೆಂಡಿಶ್ ಮೈಮೇಲೇ ಇತ್ತು.

ಬೆಟ್ಟದಲ್ಲಿ ಹಿಂದುಳಿದು ಒಟ್ಟಿಗೆ ಬರುವ ಈ ಗುಂಪಿಗೆ ಇಟಾಲಿಯನ್ನರು ಗ್ರುಪೆಟ್ಟೊ ಅನ್ನುತ್ತಾರೆ, ಫ್ರೆಂಚರಿಗೆ ಅದು ಬಸ್ಸು. ನನಗೆ ಎರಡನೆಯದೇ ಇಷ್ಟ. ಬಸ್ಸಿಗೆ ಡ್ರೈವರ್ ಬೇಕು. ಆಸ್ಟ್ರಿಯಾದ ಬರ್ನ್‌ಹಾರ್ಡ್ ಐಸೆಲ್ ಈ ಕೆಲಸಕ್ಕೆ ಹೆಸರಾಗಿದ್ದವರು. ಏರಿನಲ್ಲಿ ಯಾರೂ ಉರಿದುಹೋಗದಂತೆ ಒಂದೇ ಹದ, ಇಳಿಜಾರಿನಲ್ಲಿ ಪ್ರಾಣ ಒತ್ತೆಯಿಟ್ಟ ವೇಗ, ಎರಡು ಬೆಟ್ಟಗಳ ನಡುವಿನ ಸಪಾಟಿನಲ್ಲಿ ಸರದಿಯ ಮೇಲೆ ಗಾಳಿಗೆ ಮುಖ. ನಿನ್ನೆ ಮೊಣಕೈಯಲ್ಲಿ ತಿವಿದವನ ಜೊತೆಗೇ ಇಂದು ನೀರಿನ ಬಾಟಲಿ ಹಂಚಿಕೊಳ್ಳಬೇಕು. ಇದು ಸ್ನೇಹವಲ್ಲ, ಗುಂಪು ದೊಡ್ಡದಿದ್ದಷ್ಟೂ ತೀರ್ಪುಗಾರರ ಕೈ ನಡುಗುತ್ತದೆ ಎಂಬ ಲೆಕ್ಕ.

ಬಾಗಲಕೋಟೆ ಕಡೆಯ ಹುಡುಗನೊಬ್ಬ ನನ್ನಲ್ಲಿಗೆ ಬರುತ್ತಿದ್ದ. ಬಯಲಿನ ಗಾಳಿಯಲ್ಲಿ ಬೆಳೆದ ಕಾಲು, ಸಪಾಟಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ನಂದಿ ಬೆಟ್ಟದಲ್ಲಿ ಮಾತ್ರ ತೆಳ್ಳನೆ ಹುಡುಗರ ಬೆನ್ನು ಹತ್ತಿ ಎರಡನೇ ಕಿಲೋಮೀಟರಿಗೇ ಬೆಂದುಹೋಗುತ್ತಿದ್ದ. "ಅವರನ್ನ ಬಿಟ್ಟುಬಿಡೋ, ನಿನ್ನ ಹದದಲ್ಲಿ ಬಾ" ಅಂದರೆ, "ಅಷ್ಟ್ ಹಿಂದ್ ಬಿದ್ರ ಮರ್ಯಾದಿ ಹೋಗ್ತದಲ್ರೀ ಸರ" ಅಂದ. ಬಿಡುವುದನ್ನು ಕಲಿಸಲು ಎಂಟು ತಿಂಗಳು ಹಿಡಿಯಿತು. ಸ್ಪ್ರಿಂಟ್ ಕಲಿಸಲು ಅಷ್ಟು ಹಿಡಿಯಲಿಲ್ಲ.

ಸ್ಪ್ರಿಂಟರ್‌ಗಳೇ ಬೆಟ್ಟವನ್ನು ಒಬ್ಬರ ಮೇಲೊಬ್ಬರು ಆಯುಧವಾಗಿ ಬಳಸುವುದೂ ಉಂಟು. 2013ರಲ್ಲಿ ಆಲ್ಬಿಗೆ ಹೋಗುವ ಹಂತದಲ್ಲಿ ಪೀಟರ್ ಸಗಾನ್ ಅವರ ಕ್ಯಾನನ್‌ಡೇಲ್ ತಂಡ ನಡುದಾರಿಯ ಏರಿನಲ್ಲಿ ಬೇಕೆಂದೇ ವೇಗ ಹೆಚ್ಚಿಸಿತು. ಕ್ಯಾವೆಂಡಿಶ್, ಮಾರ್ಸೆಲ್ ಕಿಟೆಲ್, ಆಂಡ್ರೆ ಗ್ರೈಪೆಲ್ ಮೂವರೂ ಉದುರಿದರು. ತಮಗಿಂತ ವೇಗದವರಿಲ್ಲದ ಸ್ಪ್ರಿಂಟನ್ನು ಸಗಾನ್ ಗೆದ್ದುಕೊಂಡರು. ನನ್ನ ಪ್ರಕಾರ ಆ ಟೂರ್‌ನ ಅತಿ ಜಾಣ ದಿನ ಅದು.

ಬಸ್ಸು ತಪ್ಪಿದವರ ಪಾಡಿಗೆ 2018ನ್ನು ನೋಡಿ. ಲಾ ರೋಜಿಯೇರ್ ಹಂತ ಬರೀ 108.5 ಕಿಲೋಮೀಟರ್. ಹಂತ ಗಿಡ್ಡವಾದರೆ ಮೊದಲಿನಿಂದಲೇ ಓಟ, ಗಡುವೂ ಬಿಗಿ. ಕ್ಯಾವೆಂಡಿಶ್ ಗೆದ್ದವರಿಗಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ ಬಂದರು. ಕಿಟೆಲ್ ಕೂಡ ಹೊರಬಿದ್ದರು. ಈ ಸಲ ಅವರ ಜೊತೆ 88 ಜನ ಇರಲಿಲ್ಲ, ಯಾರೂ ಕನಿಕರಿಸಲಿಲ್ಲ. ಮರುದಿನ ಆಲ್ಪ್ ದ್ಯುಯೆಜ್ ದಾರಿಯಲ್ಲಿ ಗ್ರೈಪೆಲ್, ಫರ್ನಾಂಡೊ ಗವಿರಿಯಾ, ಡೈಲನ್ ಗ್ರೋನೆವೆಗೆನ್ ಕೈಚೆಲ್ಲಿದರು. ಎರಡು ದಿನದಲ್ಲಿ ಐವರು ದೊಡ್ಡ ಸ್ಪ್ರಿಂಟರ್‌ಗಳು ಖಾಲಿ. ಬೆಟ್ಟಗಳನ್ನು ಹೇಗೋ ದಾಟಿ ಉಳಿದ ಅರ್ನೋ ದೆಮಾರ್ ಪೋ ಊರಿನಲ್ಲಿ ಗೆದ್ದರು, ಅಲೆಕ್ಸಾಂಡರ್ ಕ್ರಿಸ್ಟಾಫ್ ಪ್ಯಾರಿಸ್‌ನಲ್ಲಿ.

ಮೂರು ವರ್ಷ ಕಳೆದು 2021ರಲ್ಲಿ ಟಿನ್ಯ್ ಹಂತ. ಮಳೆ, ಚಳಿ. ಈ ಸಲ ಗಡುವು ತಪ್ಪಿಸಿಕೊಂಡವರು ಅದೇ ದೆಮಾರ್. ಕ್ಯಾವೆಂಡಿಶ್‌ರನ್ನು ಸಹಸವಾರರು ನಡುವೆ ಹಾಕಿಕೊಂಡು, ಒಂದೂವರೆ ನಿಮಿಷದಷ್ಟು ಬಾಕಿ ಇರುವಾಗ ಗೆರೆ ದಾಟಿಸಿದರು. ಒಂದು ದಿನ ವಿಶ್ರಾಂತಿ. ಅದರ ಮರುದಿನ ವಾಲಾನ್ಸ್‌ನಲ್ಲಿ ಮೋರ್ಕೊವ್ ಕೊನೆಯ ಬೋಗಿಯಾಗಿ ಸರಿದು ದಾರಿ ಬಿಟ್ಟರು. ಕ್ಯಾವೆಂಡಿಶ್ ಗೆದ್ದರು, ಅದು 33ನೆಯದು.