ಪ್ಲಸ್ ಮೂರು ಇತ್ತಂತೆ, ಆದರೂ ಸೋತನಂತೆ

ಟೂರ್ನಿ ನಡೆಯುವ ಹಾಲ್‌ನ ಹೊರಗೆ ಕಾಯುತ್ತಿರುವ ಅಪ್ಪಂದಿರು ನನ್ನನ್ನು ಕಂಡ ಕೂಡಲೇ ಮೊಬೈಲ್ ಮುಂದೆ ಹಿಡಿಯುತ್ತಾರೆ. "ನೋಡಿ ಸರ್, ಇಪ್ಪತ್ಮೂರನೇ ನಡೆಯಲ್ಲಿ ಇವನಿಗೆ ಪ್ಲಸ್ ಮೂರು ಇತ್ತು. ಗೆದ್ದ ಆಟ, ಹಾಳು ಮಾಡ್ಕೊಂಡ." ಪಕ್ಕದಲ್ಲಿ ಹುಡುಗ ನೆಲ ನೋಡುತ್ತಾ ನಿಂತಿರುತ್ತಾನೆ. ಶಿವಮೊಗ್ಗದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡಲು ಶುರುಮಾಡಿ ಹದಿನೆಂಟು ವರ್ಷವಾಯ್ತು. ಈಚೆಗಂತೂ ಈ ಮಾತು ಕೇಳದ ಭಾನುವಾರವೇ ಇಲ್ಲ.

ಇದು ಇಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಕೊಡುವ ಅಂಕಿ. ಪ್ಲಸ್ ಮೂರು ಅಂದರೆ ಹೆಚ್ಚುಕಡಿಮೆ ಒಂದು ಕುದುರೆಯಷ್ಟು ಮೇಲುಗೈ. ಸರಿ. ಆದರೆ ಯಾರಿಗೆ? ಇಬ್ಬರೂ ಇಂಜಿನ್ ಆಡುವ ಹಾಗೆ ಆಡಿದರೆ ಬರುವ ಲೆಕ್ಕ ಅದು. ಕೆಲವು ಸಲ ಆ ಮೂರೂ ಒಂದೇ ಒಂದು ನಡೆಯ ಮೇಲೆ ನಿಂತಿರುತ್ತದೆ. ಈಗ ಆನೆ ಬಿಟ್ಟುಕೊಡಬೇಕು, ಆರು ನಡೆ ಆದ ಮೇಲೆ ಅದರ ಬೆಲೆ ವಾಪಸ್ ಸಿಗುತ್ತದೆ. ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿರುವ ಹನ್ನೊಂದು ವರ್ಷದ ಹುಡುಗನಿಗೆ ಅದು ಕಾಣಬೇಕಾ? ಅವನ ಪಾಲಿಗೆ ಅದು ಪ್ಲಸ್ ಮೂರಲ್ಲ ಮಾರಾಯ್ರೆ, ಕಗ್ಗತ್ತಲು. ಇಂಜಿನ್ "ಸಮ" ಎನ್ನುವ ಸ್ಥಿತಿಯೂ ಹಾಗೆಯೇ. ಒಬ್ಬನಿಗೆ ಯಾವ ನಡೆ ಆಡಿದರೂ ನಡೆಯುತ್ತದೆ, ಇನ್ನೊಬ್ಬ ಪ್ರತಿ ಸಲವೂ ಸರಿಯಾದ ಒಂದೇ ನಡೆ ಹುಡುಕಬೇಕು. ಅಂಕಿ ಮಾತ್ರ ಸೊನ್ನೆ.

ಮನುಷ್ಯ, ಕಂಪ್ಯೂಟರ್ ಜೊತೆಗೂಡಿದರೆ ಏನಾಗುತ್ತದೆ ಎಂಬುದನ್ನು ದೊಡ್ಡವರು ಆಗಲೇ ಆಡಿ ನೋಡಿದ್ದಾರೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿಗೆ ಸೋತ ವಿಶ್ವ ಚಾಂಪಿಯನ್ ಕಾಸ್ಪರೋವ್, ಮರುವರ್ಷ ಸ್ಪೇನಿನ ಲಿಯೋನ್‌ನಲ್ಲಿ ಬಲ್ಗೇರಿಯಾದ ಗ್ರ್ಯಾಂಡ್‌ಮಾಸ್ಟರ್ ಟೋಪಲೋವ್ ಎದುರು ಕೂತರು. ಇಬ್ಬರ ಪಕ್ಕದಲ್ಲೂ ಕಂಪ್ಯೂಟರ್. ಅದಕ್ಕೆ ಸ್ವಲ್ಪ ಮೊದಲು ಬರೀ ತಲೆ ನಂಬಿ ಆಡಿದಾಗ ಕಾಸ್ಪರೋವ್ 4-0 ಗೆದ್ದಿದ್ದರು. ಈ ಸಲ 3-3. ಲೆಕ್ಕ ಹಾಕುವ ಕೆಲಸ ಯಂತ್ರ ವಹಿಸಿಕೊಂಡಿತು, ಕಾಸ್ಪರೋವ್ ಅವರ ದೊಡ್ಡ ಅಸ್ತ್ರವೇ ಹೋಯಿತು. 2005ರಲ್ಲಿ ಇಂಟರ್ನೆಟ್‌ನಲ್ಲಿ ನಡೆದ, ಕಂಪ್ಯೂಟರ್ ನೆರವು ಪಡೆದು ಆಡಬಹುದಾದ ಫ್ರೀಸ್ಟೈಲ್ ಟೂರ್ನಿ ಗೆದ್ದವರು ಅಮೆರಿಕದ ಇಬ್ಬರು ಹವ್ಯಾಸಿಗಳು. ಇಬ್ಬರ ರೇಟಿಂಗೂ 1700ರ ಒಳಗೆ, ಅಂದರೆ ಸಾಧಾರಣ ಕ್ಲಬ್ ಆಟಗಾರರ ಮಟ್ಟ. ಕಂಪ್ಯೂಟರ್ ಇಟ್ಟುಕೊಂಡ ಗ್ರ್ಯಾಂಡ್‌ಮಾಸ್ಟರುಗಳೂ ಅಲ್ಲಿದ್ದರು. ಈ ಹವ್ಯಾಸಿಗಳ ಹತ್ತಿರ ಇದ್ದದ್ದು ಮಾಮೂಲಿ ಮೂರು ಕಂಪ್ಯೂಟರ್, ಮತ್ತೆ ಅವುಗಳಿಗೆ ಏನು ಕೇಳಬೇಕು, ಎಲ್ಲಿ ನಂಬಬಾರದು ಎಂಬ ಪಳಗಿದ ಕೈ.

ಈಗಲೂ ಹಾಗೇನಾ ಅಂದರೆ, ನಾನು ಹೌದು ಅನ್ನಲಾರೆ. ಇವತ್ತಿನ ಇಂಜಿನ್ ಪಕ್ಕದಲ್ಲಿ ಮನುಷ್ಯ ಕೂತರೆ ಅಡ್ಡಿಯಾಗುವುದೇ ಜಾಸ್ತಿ ಇರಬಹುದು. ಕರೆಸ್ಪಾಂಡೆನ್ಸ್ ಚೆಸ್, ಅಂದರೆ ಒಂದೊಂದು ನಡೆಗೂ ದಿನಗಟ್ಟಲೆ ಸಮಯ ಇರುವ ದೂರದಾಟದಲ್ಲಿ ಇಂಜಿನ್ ಬಳಸಲು ಅವಕಾಶವಿದೆ; ಅದರ ಮೇಲಿನ ಹಂತದಲ್ಲಿ ಹೆಚ್ಚಿನ ಆಟಗಳು ಡ್ರಾ, ಮನುಷ್ಯನ ಕೈಯಿಂದ ಮೇಲುಗೈ ಸಿಗುವುದು ಅಪರೂಪ. ಆದರೆ ನಿಮ್ಮ ಮಗ ಇಂಜಿನ್ ಜೊತೆ ಸೇರಿ ಆಡುತ್ತಿಲ್ಲವಲ್ಲ, ಅದರಿಂದ ಕಲಿಯುತ್ತಿದ್ದಾನೆ. ಅಲ್ಲಿ ಕೇಳುವ ಕೈ ಪಳಗಿರಲೇಬೇಕು.

ಹೊಸನಗರ ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಮಳೆಗಾಲ ಹಿಡಿದರೆ ಅವನ ಮನೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸೋತ ಆಟಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದು, ತನಗೆ ತೋಚಿದ್ದನ್ನು ಪಕ್ಕದಲ್ಲಿ ಗೀಚಿ ತರುತ್ತಿದ್ದ. ಒಂದು ಕಡೆ, ಹತ್ತೊಂಬತ್ತನೇ ನಡೆಯ ಪಕ್ಕ, "ಇಲ್ಲಿ ಹೆದರಿಕೆ ಆಯ್ತು" ಅಂತ ಬರೆದಿದ್ದ. ಎದುರಾಳಿಯ ಮಂತ್ರಿ ತನ್ನ ರಾಜನ ಕಡೆ ಬಂತು ಅಂತ ಇದ್ದಬದ್ದ ಕಾಯಿಗಳನ್ನೆಲ್ಲ ಹಿಂದಕ್ಕೆ ಎಳೆದುಕೊಂಡಿದ್ದ. ಆಗ ಇಂಜಿನ್ ಹಾಕಿದೆವು. ಎದುರಾಳಿಯ ದಾಳಿಯಲ್ಲಿ ಹುರುಳೇ ಇರಲಿಲ್ಲ, ಮಧ್ಯದ ಕಾಲಾಳು ಒಂದು ಮನೆ ಮುಂದೆ ತಳ್ಳಿದ್ದರೆ ಸಾಕಿತ್ತು. ಎರಡು ನಿಮಿಷ ಬೋರ್ಡ್ ನೋಡಿ, "ಸುಮ್ನೆ ಹೆದರಿದೆ ಸರ್" ಅಂದ. ಅವನು ಹೆದರಿದ್ದು ಇಂಜಿನ್‌ಗೆ ಗೊತ್ತಿರಲಿಲ್ಲ. ಹೆದರಿಕೆಗೆ ಕಾರಣ ಇರಲಿಲ್ಲ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಮುಂದಿನ ಟೂರ್ನಿಯಲ್ಲಿ ಅವನು ಗೆದ್ದನಾ? ಇಲ್ಲ, ಮತ್ತೆ ಸೋತ. ಆದರೆ ಬೇರೆ ಕಾರಣಕ್ಕೆ.

ಅದಕ್ಕೇ ಆಟ ಮುಗಿದ ದಿನ ಇಂಜಿನ್ ಹಾಕಬೇಡಿ ಅಂತ ನಾನು ಗಂಟಲು ಹರಿದುಕೊಳ್ಳುವುದು. ಮೊದಲು ನೂರು ಪುಟದ ಒಂದು ನೋಟ್‌ಬುಕ್. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಲಿ. ಕಂಪ್ಯೂಟರ್ ನೋಡಿದ ಮೇಲೆ ಮಕ್ಕಳು ತಾವು ಬರೆದಿದ್ದನ್ನು ಉಜ್ಜಿಬಿಡುತ್ತಾರೆ. ಕೆಲವು ಸಲ ಅಪ್ಪಂದಿರೇ ಉಜ್ಜಿರುತ್ತಾರೆ.